ಏಕಾದಶಿ ದಿನದ ತೂಕ

೧೮ ನವೆಂಬರ್ ೨೦೨೪, ಸೋಮವಾರ

ಎಂಬತ್ನಾಕು ಕಿಲೋ ಇನ್ನೂರು ಗ್ರಾಂ. ಹೈದರಾಬಾದಿನ ದವಾಖಾನ್ಯಾಗ ಚಪ್ಪಲಿ ಬಿಡಿಸಿ, ಕೈಯಾಗಿನ ಚೀಲ ಇಸಗೊಂಡು, ತೊಗರಿ ಚೀಲ ತೂಗಿದಂಗ ನನ್ನ ತೂಗಿದ್ರು. ಡಾಕ್ಟರ್ ಕಾಗದ ನೋಡಿದ, ನನ್ನ ಮಾರಿ ನೋಡಲಿಲ್ಲ. ಎಪ್ಪತ್ನಾಕಕ್ಕ ಇಳದು ಬರ್ರಿ, ಅಲ್ಲಿ ತನಕ ಆಪರೇಶನ್ ಮಾತೇ ಬ್ಯಾಡ ಅಂದ. ಬಾಜೂಕ ಕುಂತಿದ್ದ ಪ್ರಮಿತಾ ವೈನಿ ನನ್ನ ಹೊಟ್ಟಿ ಕಡೆ ನೋಡಿದ್ಲು. ಹದಿನೇಳು ವರ್ಷದಾಗ ಆಕಿ ನನ್ನ ಕಡೆ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲ ಸಲ.

ನನ್ನ ಒಡಹುಟ್ಟಿದ ಅಣ್ಣ ಆನಂದತೀರ್ಥನ ಎರಡೂ ಕಿಡ್ನಿ ಹೋಗ್ಯಾವ. ಚಿತ್ತಾಪುರದಾಗ ವಾರಕ್ಕ ಎರಡು ಸಲ ಮಶೀನಿಗೆ ಹಚ್ಚಿ ರಕ್ತ ತೊಳೀತಾರ. ಹಿಂಗ ಭಾಳ ದಿನ ನಡಿಯಂಗಿಲ್ಲ, ಹೊಸಾ ಕಿಡ್ನಿ ಹಾಕಲೇಬೇಕು ಅಂದಾರ. ಹೆಂಡತಿಗೆ, ಅಂದ್ರ ಈ ವೈನಿಗೆ, ಸಕ್ರಿ ರೋಗ. ಮಗ ಪವಮಾನನ ರಕ್ತ ಕೂಡಲಿಲ್ಲ. ಉಳದಾಕಿ ನಾ. ನಂದು ಎಲ್ಲಾ ಕೂಡ್ತು, ತೂಕ ಒಂದು ಬಿಟ್ಟು.

ಇದೇ ಅಣ್ಣ, ನಾ ಚಿಮ್ಮನಚೋಡದ ದೇವಾನಂದ ಅವರನ್ನ ಮದಿವಿ ಆದಾಗ, ಹೊಲ ಮಾಡೋರ ಮನಿ ಸೇರಿದಾಕಿ ನಮ್ಮ ಪಾಲಿಗೆ ಸತ್ತಳು ಅಂದಿದ್ದ. ಅವ್ವ ತೀರಿಕೊಂಡಾಗ ನಂಗ ಸುದ್ದಿ ಮುಟ್ಟಿಸಿದ್ದು ಮೂರನೇ ದಿನಕ್ಕ. ಅಳಕೋತ ಓಡಿ ಹೋದ್ರ ಬಾಗಲದಾಗ ನಿಂದ್ರಿಸಿದ. ಮಡಿ ಕೆಡ್ತದಂತ ದೂರ ನಿಂತು, ಎತ್ತರದಿಂದ ನನ್ನ ಬೊಗಸ್ಯಾಗ ನೀರ ಹಾಕಿದ. ಒಂಬತ್ತು ವರ್ಷ ಆತು. ನನ್ನ ಕೈ ನೀರು ಅಂವಗ ಬ್ಯಾಡ, ನನ್ನ ಹೊಟ್ಟ್ಯಾಗಿನ ಕಿಡ್ನಿ ಬೇಕು. ಥೂ!

ಹಂಗಾರ ಯಾಕ ಹೋದೆ? ಬ್ಯಾಡ ಅನ್ನಲಿಕ್ಕ ಬಾಯಿ ಬರಲಿಲ್ಲ. ಬ್ಯಾಡ ಅಂದಿದ್ರ ಇಕಡಿ ನಾ ಇರೂ ಸೇಡಂ, ಆಕಡಿ ಅಂವ ಇರೂ ಚಿತ್ತಾಪುರ, ಎಲ್ಲಾ ಕಡೆ ಅಣ್ಣನ್ನ ಕೊಂದಾಕಿ ಅಂತ ಹೆಸರು ಬರ್ತಿತ್ತು. ಆದ್ರ ವಾಪಸ್ ಬರೂ ಮುಂದ, ರೈಲು ತಾಂಡೂರ ದಾಟಿದ ಮ್ಯಾಲ, ಒಂದು ವಿಚಾರ ಬಂತು. ನಾ ಯಾಕ ಬ್ಯಾಡ ಅನಬೇಕು? ಬ್ಯಾಡ ಅಂತ ತೂಕನೇ ಅಂತದಲ್ಲ! ಭಾಳ ಪ್ರಯತ್ನ ಪಟ್ಟೆ, ಇಳೀಲಿಲ್ಲ, ನಾ ಏನ್ ಮಾಡ್ಲಿ ಅಂತ ಹೇಳಿ ಕೈ ತೊಳಕೋಬಹುದು. ಯಾರೂ ಏನೂ ಅನ್ನಂಗಿಲ್ಲ.

ಇದನ್ನ ಯಾರ ಮುಂದನೂ ಹೇಳಲಿಕ್ಕ ಬರಂಗಿಲ್ಲ. ಅದಕ್ಕ ಶಾಲಿಯ ಹಳೇ ಹಾಜರಿ ಪುಸ್ತಕದ ಹಿಂದಿನ ಹಾಳ್ಯಾಗ ಬರೀಲಿಕತ್ತೀನಿ.

೨೧ ನವೆಂಬರ್, ಗುರುವಾರ

ಊಟದ ಸಲಹಾ ಕೊಡಲಿಕ್ಕ ದವಾಖಾನಿಯವರು ಸಾಯಿರಾ ಅಂತ ಒಬ್ಬಾಕಿ ಹುಡುಗಿಗೆ ನನ್ನ ನಂಬರ್ ಕೊಟ್ಟಾರ. ಶಹಾಬಾದಿನಾಕಿ, ನೌಕ್ರಿ ಹೈದರಾಬಾದಿನಾಗ. ಶಾಲಿ ಬಿಟ್ಟ ಮ್ಯಾಲ ಫೋನ್ ಮಾಡಿದ್ಲು.

"ಮೇಡಂ, ಗುರಿ ಎಷ್ಟು ಇಡೋಣ್ರಿ?"

"ತಿಂಗಳಿಗೆ ಹತ್ತು ಕಿಲೋ."

"ಹತ್ತು ಆಗಲ್ರಿ. ವಾರಕ್ಕ ಅರ್ಧ ಕಿಲೋ ಇಡ್ರಿ. ಐದಾರು ತಿಂಗಳು ಹಿಡೀತದ, ಆದ್ರ ಪಕ್ಕಾ ಇಳೀತದ."

"ನಮ್ಮಣ್ಣ ಸಾಯಲಿಕತ್ತಾನ, ನೀ ಐದಾರು ತಿಂಗಳು ಅಂತಿ?" ಅಂತ ದನಿ ಏರಿಸಿದೆ. ನನ್ನ ಕಿವಿಗೆ ನಂದೇ ಮಾತು ಭಾಳ ಚಲೋ ಕೇಳಸ್ತು. ಎಷ್ಟು ಕಾಳಜಿ ಇದ್ದಾಕಿ ಅನ್ನಬೇಕು, ಹಂಗ.

ಆಕಿ ಮೆತ್ತಗ, "ಬೇಜಾರ್ ಮಾಡ್ಕೋಬ್ಯಾಡ್ರಿ ಮೇಡಂ. ತಿಂಗಳಿಗೆ ಹತ್ತು ಅಂತ ಬರಸಿದೋರು ಹದಿನೈದು ದಿನಕ್ಕ ಬಿಟ್ಟು ಹೋಗ್ತಾರ. ಬಿಡಲಿಕ್ಕ ಅವರಿಗೆ ಒಂದು ಬಹಾನಾ ಬೇಕಾಗಿರ್ತದ, ಅಷ್ಟೇ" ಅಂದ್ಲು.

ಎಳೇ ಹುಡುಗಿ. ಧಿಮಾಕು ನೋಡು! ಇಪ್ಪತ್ತೆರಡು ವರ್ಷ ಗಣಿತ ಕಲಿಸಿದಾಕಿಗೆ ಲೆಕ್ಕ ಹೇಳಲಿಕ್ಕ ಬರ್ತಾಳ. ಹತ್ತೇ ಬರಕೋ ಅಂದೆ.

೨೬ ನವೆಂಬರ್, ಮಂಗಳವಾರ

ಇವತ್ತು ಏಕಾದಶಿ. ಆ ಮನಿ ಬಿಟ್ಟು ಹದಿನೇಳು ವರ್ಷ ಆದ್ರೂ ಇದೊಂದು ಬಿಡಲಿಕ್ಕಾಗಿಲ್ಲ. ಭಾಳ ಭಕ್ತಿ ಅಂತೇನಲ್ಲ. ನಾ ಸಣ್ಣಾಕಿ ಇದ್ದಾಗಿಂದ ಅವ್ವ ಹಚ್ಚಿದ ರೂಢಿ. ಈ ದಿನ ಅನ್ನದ ವಾಸನಿ ಬಂದ್ರ ಹೊಟ್ಟಿ ತಾನ ಮುಚಗೋತದ. ದೇವಾನಂದ ಅವರು ಏನೂ ಅನ್ನಂಗಿಲ್ಲ, ತಮ್ಮ ಬುತ್ತಿ ತಾವ ಕಟಗೊಂಡು ಕರೆಂಟ್ ಆಫೀಸಿಗೆ ಹೋಗ್ತಾರ.

ಹನಿ ನೀರು ಮುಟ್ಟದೇ ಸಂಜಿಕ ತೂಕದ ಮಶೀನ್ ಮ್ಯಾಲ ನಿಂತೆ. ಎಂಬತ್ತೆರಡು ಆರುನೂರು! ಫೋಟೋ ಹೊಡದು ವೈನಿಗೆ ಕಳಿಸಿದೆ. "ಭಾಳ ಕಷ್ಟ ಪಡ್ಲಿಕತ್ತೀರಿ ಶುಭಾ ಅವರೇ" ಅಂತ ಬಂತು, ಕೈ ಮುಗಿಯೋ ಚಿತ್ರ ಹಾಕಿ. ಮೊದಲ ನನ್ನ ಹೆಸರು ಸೈತ ಹಿಡೀತಿದ್ದಿಲ್ಲ, "ಅಕಿ" ಅಂತಿದ್ಲು. ಈಗ ಶುಭಾ ಅವರೇ.

೨೭ ನವೆಂಬರ್, ಬುಧವಾರ

ದ್ವಾದಶಿ. ಹೊತ್ತು ಹುಟ್ಟೂದರಾಗ ಪಾರಣಿ ಮಾಡಿದೆ. ಅನ್ನ, ತೊವ್ವಿ, ಹೆಸರ ಬ್ಯಾಳಿ ಪಾಯಸ, ಮ್ಯಾಲ ತುಪ್ಪ. ನಿನ್ನಿದೂ ಸೇರಿಸಿ ಉಂಡೆ. ಎಂಬತ್ನಾಕು ಮುನ್ನೂರು. ಈ ಫೋಟೋ ಯಾರಿಗೂ ಕಳಸಲಿಲ್ಲ.

೧೧ ಡಿಸೆಂಬರ್, ಬುಧವಾರ

ಏಕಾದಶಿ. ಎಂಬತ್ತೆರಡು ಒಂಬೈನೂರು. ಪಡಸಾಲಿ ಫರಸಿ ಮ್ಯಾಲ ಇಟ್ರ ಒಂದು ತೋರಸ್ತದ, ಅಡಗಿ ಮನ್ಯಾಗ ಇಟ್ರ ಇನ್ನೊಂದು. ಶಹಾಬಾದ ಕಲ್ಲು ಎಲ್ಲಿ ಸಮಾ ಇರ್ತಾವ. ಕಡಿಮಿ ತೋರಿಸಿದ್ದನ್ನ ಕಳಿಸಿದೆ. ಕೈ ಮುಗಿಯೋ ಚಿತ್ರ ಈ ಸಲ ಎರಡು ಬಂದವು.

೧೭ ಡಿಸೆಂಬರ್, ಮಂಗಳವಾರ

ಶಾಲ್ಯಾಗ ಶಹರಬಾನು ಟೀಚರ್ ಮೊಮ್ಮಗ ಹುಟ್ಟ್ಯಾನಂತ ಜಿಲೇಬಿ ತಂದಿದ್ಲು. ಬ್ಯಾಡ ಅನ್ನಲಿಲ್ಲ. ಒಂದು ತಿಂದೆ, ನಮ್ಮ ಪಾಲಿಗೆ ಸತ್ತಳು ಅಂದಿದ್ದಕ್ಕ. ಇನ್ನೊಂದು ತಿಂದೆ, ಮೂರು ದಿನ ಸುದ್ದಿ ಮುಚ್ಚಿಟ್ಟಿದ್ದಕ್ಕ. ಮೂರನೇದು ಎತ್ತರದಿಂದ ಹಾಕಿದ ನೀರಿಗೆ. ನಾಕನೇದಕ್ಕ ಕಾರಣ ಹುಡುಕಲಿಲ್ಲ, ಬಿಸಿ ಇತ್ತು, ತಿಂದೆ. "ಭಾಳ ದಿನದ ಮ್ಯಾಲ ಖುಶಿಯಾಗಿ ತಿಂದ್ರಿ ನೋಡ್ರಿ" ಅಂದ್ಲು ಆಕಿ.

೩೦ ಡಿಸೆಂಬರ್, ಸೋಮವಾರ

ಎಳ್ಳ ಅಮಾಸಿ. ಚಿಮ್ಮನಚೋಡಕ್ಕ ಬಂದೀವಿ. ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿ ಗಿಡದ ಬುಡಕ ಎಲ್ಲಾರೂ ಊಟಕ್ಕ ಕುಂತ್ವಿ. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗಿ, ಗಡಿಗಿ ತುಂಬ ಅಂಬಲಿ. ನಾ ನಾಚಿಕಿ ಬಿಟ್ಟು ಉಣ್ಣಲಿಕತ್ತಿದ್ದೆ. ಅತ್ತಿ ಪೀರಮ್ಮ ಬಡಸಿಕೋತ ಬಡಸಿಕೋತ ನನ್ನ ಮುಂದ ಕುಂತು ಬಿಟ್ಲು.

"ಯವ್ವಾ, ಒಂದು ಕೇಳ್ತೀನಿ. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅಂತ ಹೇಳಿಬಿಡು. ನಿನ್ನ ಮೈ, ನಿನ್ನ ಮರ್ಜಿ, ಯಾರ್ ಕೇಳ್ತಾರ? ಆದ್ರ ಹಿಂಗ ತಿಂದು ತಿಂದು ಆ ಜೀವಾನ್ನ ಯಾಕ ಸುಳ್ಳ ಕಾಯಿಸ್ತಿ?"

ಮೈಯೆಲ್ಲ ಉರದು ಹೋತು. ಹೆಬ್ಬೆಟ್ಟು ಒತ್ತೋ ಮುದುಕಿಗೆ ಇದು ಹೆಂಗ ತಿಳೀತು? ದೇವಾನಂದ ಅವರು ಹೇಳ್ಯಾರೇನಂತ ನೋಡಿದ್ರ ಅವರು ತಲಿ ತಗ್ಗಿಸಿ ಅಂಬಲಿ ಕುಡೀಲಿಕತ್ತಿದ್ರು. "ಹಬ್ಬದ ದಿನ ಉಣಬಾರದೇನ್ರಿ ಅತ್ತಿ?" ಅಂದೆ. "ಉಣ್ಣು, ಉಣ್ಣು" ಅಂತ ಇನ್ನೊಂದು ಕಡಬು ಹಾಕಿ ಎದ್ದು ಹೋದ್ಲು. ಸಿಟ್ಟಿಗೆ ಅದನ್ನೂ ತಿಂದೆ. ರುಚಿ ಹತ್ತಲಿಲ್ಲ.

೧೧ ಜನವರಿ ೨೦೨೫, ಶನಿವಾರ

ನಿನ್ನಿ ವೈಕುಂಠ ಏಕಾದಶಿ. ಎಂಬತ್ಮೂರು ಒಂದುನೂರು ಅಂತ ಕಳಿಸಿದ್ದೆ. ಇವತ್ತು ಮುಂಜಾನೆ ವೈನಿ ನಂಬರಿನಿಂದ ಫೋನ್ ಬಂತು. ದನಿ ವೈನಿದಲ್ಲ.

"ಶುಭಾ."

ನನ್ನ ಹೆಸರು ಹಿಡದು ಕರದು ಎಷ್ಟು ವರ್ಷ ಆಗಿತ್ತು ಅಣ್ಣ. ದನಿ ಭಾಳ ಸಣ್ಣಾಗೇದ.

"ನವೆಂಬರ್ ಇಪ್ಪತ್ತಾರು. ಡಿಸೆಂಬರ್ ಹನ್ನೊಂದು. ಡಿಸೆಂಬರ್ ಇಪ್ಪತ್ತಾರು. ನಿನ್ನಿ. ನಿನ್ನ ತೂಕದ ಫೋಟೋ ಏಕಾದಶಿಗೇ ಯಾಕ ಬರ್ತದ?"

ವೈನಿಗೆ ಹೊಳೀಲಿಲ್ಲ, ಸಾಯಿರಾಗ ಹೊಳೀಲಿಲ್ಲ. ಪಂಚಾಂಗ ಬಾಯಿಪಾಠ ಇದ್ದಾಂವಗ ಹೊಳೀತು.

"ಉಳದ ದಿನ ಎಷ್ಟಿರ್ತದ?" ಅಂದ.

"ನಿನಗ್ಯಾಕ?"

"ಉಪವಾಸದ ದಿನ ತೂಗಿ ನಂಗ ಮೋಸ ಮಾಡ್ತಿ?"

"ಮೋಸದ ಮಾತು ನೀ ಆಡಬ್ಯಾಡ. ಅವ್ವ ಹೋಗಿದ್ದನ್ನ ಮೂರು ದಿನ ಮುಚ್ಚಿಟ್ಟಾಂವ ನೀ."

ಆ ಕಡೆ ಅಂವ ಉಸರಾಡೂದು ಕೇಳಸ್ತಿತ್ತು. ಆಮ್ಯಾಲ, "ಇನ್ನಾ ಏಕಾದಶಿ ಹಿಡೀತಿ ಏನು ನೀ?" ಅಂದ.

"ಹಿಡೀಲಿ, ಬಿಡ್ಲಿ. ನಿನ್ನಪ್ಪಂದೇನು ಹೋಗ್ತದ?" ಅಂತ ಫೋನ್ ಇಟ್ಟೆ. ಇಟ್ಟ ಮ್ಯಾಲ ಹೊಳೀತು, ಅಂವನಪ್ಪ ನನ್ನಪ್ಪನೂ ಹೌದು. ಇಡೀ ದಿನ ಕ್ಲಾಸಿನಾಗ ಹುಡುಗರಿಗೆ ಸುಳ್ಳ ಬೈಕೋತ ತಿರಗಿದೆ.

೨೦ ಜನವರಿ, ಸೋಮವಾರ

ನಿನ್ನಿ ಅಂವಗ ಉಸರು ಸಿಗದೇ ಕಲಬುರ್ಗಿಗೆ ಒಯ್ದಾರ. ಪುಪ್ಪಸದಾಗ ನೀರು ತುಂಬೇದಂತ. ರಜಾ ಹಾಕಿ ಹೋದೆ. ಯಾಕ ಹೋದೆ ಅಂತ ನನ್ನ ನಾನ ಕೇಳಬಾರದು.

ವೈನಿ ದವಾಖಾನಿ ಪಾವಟಿಗಿ ಮ್ಯಾಲ ಕುಂತಿದ್ಲು. ಡಯಾಲಿಸಿಸ್ ಆದೋರಿಗೆ ನೀರು ಹೊರಗ ಹೋಗಂಗಿಲ್ಲ, ಕುಡದದ್ದೆಲ್ಲ ಮೈಯಾಗೇ ನಿಂದ್ರತದ, ಒಂದು ಸಲ ತೊಳದು ಇನ್ನೊಂದು ಸಲ ತೊಳಿಯೋದರಾಗ ಎರಡು ಕಿಲೋಕ್ಕಿಂತ ಹೆಚ್ಚು ಏರಬಾರದು ಅಂತ ತಿಳಿಸಿ ಹೇಳಿದ್ಲು. ಅಂವ ನಾಕೂವರಿ ಏರ್ಯಾನ. ಕದ್ದು ಕುಡದಾನ, ತಂಬಗಿಗಟ್ಲೆ. "ಫೋನಿನಾಗ ನೀವೇನಂದ್ರಿ ಅವರಿಗೆ?" ಅಂತ ಕೇಳಿದ್ಲು.

ಒಳಗ ಹೋದೆ. ಕಾಲು ಬಾತು ಕಂಬ ಆಗ್ಯಾವ. ಮಾರಿ ನೋಡಿದ್ರ ಗುರ್ತು ಸಿಗಂಗಿಲ್ಲ.

"ಯಾಕ ಕುಡದಿ?"

"ತೀರ್ಥ ತಗೊಂಡೆ."

"ನಾಕೂವರಿ ಕಿಲೋ ತೀರ್ಥ?"

ನಗಲಿಕ್ಕ ಹೋಗಿ ಕೆಮ್ಮಿದ. ಕೆಮ್ಮು ನಿಂತ ಮ್ಯಾಲ, ಮ್ಯಾಲಿನ ಪಂಖಾ ನೋಡಿಕೋತ ಹೇಳಿದ. "ಬೇಡಿ ಬದುಕೂದು ಬ್ಯಾಡ ಅನಸ್ತು. ಅದೂ ನಿನ್ನ ಕಡಿಂದ. ಬಾಗಲದಾಗ ನಿಂದ್ರಿಸಿದಾಕಿ ಹತ್ರ ಯಾವ ಬಾಯಿಲೆ ಬೇಡ್ಲಿ?"

ಮಾಫ್ ಮಾಡು ಅನ್ನಲಿಲ್ಲ. ಅಂದಿದ್ರ ಎದ್ದು ಬರ್ತಿದ್ದೆ.

"ಚಂದ ಆತು" ಅಂದೆ. "ನೀ ಕುಡದು ಸಾಯಲಿಕತ್ತಿ, ನಾ ತಿಂದು ನಿನ್ನ ಸಾಯಿಸಲಿಕತ್ತೀನಿ. ಎರಡು ತಿಂಗಳಾತು, ಬೇಕಂತ ತಿನ್ನಲಿಕತ್ತೀನಿ. ಜಿಲೇಬಿ, ಹೋಳಿಗಿ, ಮಿರ್ಚಿ, ಎಲ್ಲಾ. ನಿನ್ನ ಹೆಸರಲೆ."

ಹೇಳಿ ಮುಗಿಸಿ ಅಂಜಿದೆ. ಅಂವ ಕಣ್ಣು ಮುಚ್ಚಿದ. "ಈಗ ಎಷ್ಟದ?"

"ಎಂಬತ್ನಾಕು ಎಂಟುನೂರು."

"ಹೆಚ್ಚಾಗೇದ."

"ಹೂಂ."

ಸಿಸ್ಟರ್ ಬಂದು ಹೊರಗ ನಡೀರಿ ಅಂದ್ಲು. ಬಾಗಲ ತನಕ ಹೋಗಿ ತಿರಗಿ ಬಂದೆ. ಸಿಟ್ಟು ನೆತ್ತಿಗೇರಿತ್ತು. "ಕೇಳು. ಇನ್ನ ಮುಂದ ನೀ ಎರಡು ಕಿಲೋ ದಾಟಿದ ವಾರ ನಾ ಪಾವ್ ಕಿಲೋ ಜಿಲೇಬಿ ತಿಂತೀನಿ. ಫೋಟೋ ಹೊಡದು ಕಳಸ್ತೀನಿ" ಅಂದೆ.

"ನೀ ಇಳೀಲಾರದ ವಾರ ನಾ ಒಂದು ತಂಬಗಿ ನೀರು ಕುಡೀತೀನಿ" ಅಂದ. ಮೂಗಿನಾಗ ನಳಿಗಿ ಹಾಕ್ಯಾರ, ಸೊಕ್ಕು ಮಾತ್ರ ಹಂಗೇ ಅದ.

೨೮ ಜನವರಿ

ಎಂಬತ್ಮೂರು ಒಂಬೈನೂರು. ಒಂದೇ ರೊಟ್ಟಿ.

೩೦ ಜನವರಿ

ಎಂಬತ್ಮೂರು ನಾಕುನೂರು. ರೊಟ್ಟಿ ಇಲ್ಲ, ಬರೇ ಮಜ್ಜಿಗಿ.

೧ ಫೆಬ್ರುವರಿ

ಎಂಬತ್ತೆರಡು ಏಳುನೂರು. ಮಜ್ಜಿಗಿನೂ ಅರ್ಧ. ಹಿಂಗೇ ಹೋದ್ರ ಮಾರ್ಚ್ ಮೊದಲನೇ ವಾರದಾಗ ಆಗ್ತದ.

೩ ಫೆಬ್ರುವರಿ, ಸೋಮವಾರ

ಒಂಬತ್ತನೇ ಕ್ಲಾಸಿನಾಗ ವರ್ಗಮೂಲ ಹೇಳಿಕೋತ ಹೇಳಿಕೋತ ಕಣ್ಣಿಗೆ ಕತ್ತಲಿ ಬಂತು. ಎಚ್ಚರ ಆದಾಗ ಫರಸಿ ಮ್ಯಾಲ ಬಿದ್ದಿದ್ದೆ, ಶಹರಬಾನು ಸಕ್ರಿ ನೀರು ಹಾಕಲಿಕತ್ತಿದ್ಲು. ದೇವಾನಂದ ಅವರು ಗಾಡಿ ಮ್ಯಾಲ ಕೂಡಿಸಿಕೊಂಡು ಮನಿಗೆ ತಂದ್ರು. ಎಂದೂ ದನಿ ಏರಸಲಾರದ ಮನಿಷ್ಯಾ, ಇವತ್ತು ಬೈದ್ರು. "ಮೊದಲ ತಿಂದು ಹುಚ್ಚಾದಿ, ಈಗ ಬಿಟ್ಟು ಹುಚ್ಚಾದಿ" ಅಂದ್ರು. ಅಂದ್ರ ಅವರಿಗೆ ಎಲ್ಲಾ ಗೊತ್ತಿತ್ತು.

ಸಾಯಿರಾಗ ಫೋನ್ ಹಚ್ಚಿ ಕೊಟ್ಟೋರೂ ಅವರೇ. ಆಕಿ ಬಿಡಲಿಲ್ಲ.

"ಮೊದಲ ಸುಳ್ಳಿಗೆ ಹತ್ತು ಅಂದ್ರಿ. ಈಗ ಖರೇಗೆ ಹತ್ತು ಅಂತೀರಿ. ಎರಡೂ ಒಂದೇ ಅವ ಮೇಡಂ. ಹಿಂಗ ಉಪವಾಸ ಬಿದ್ರ ಮೊದಲ ಕೆಡೂದು ಕಿಡ್ನಿ. ನಿಮ್ಮಣ್ಣಗ ಕೆಟ್ಟ ಕಿಡ್ನಿ ಕೊಡ್ತೀರೇನ್ರಿ?"

ಹಾಜರಿ ಪುಸ್ತಕ ಎಳಕೊಂಡು ಕುಂತೆ.

"ಬರಕೋರಿ. ಜ್ವಾಳದ ರೊಟ್ಟಿ ಮುಂಜಾನೆ ಎರಡು, ರಾತ್ರಿ ಒಂದೂವರಿ. ಪುಂಡಿಪಲ್ಯ, ಸೌತಿಕಾಯಿ, ಎಷ್ಟು ಬೇಕಷ್ಟು. ಶೇಂಗಾ ಹಿಂಡಿ ಒಂದು ಚಮಚ. ಬ್ಯಾಳಿ ಒಂದು ಬಟ್ಟಲ. ನಡಿಯೋದು ಮುಕ್ಕಾಲು ತಾಸು. ತೂಕ ವಾರಕ್ಕ ಒಂದೇ ಸಲ, ಐತವಾರ ಮುಂಜಾನೆ, ಒಂದೇ ಫರಸಿ ಮ್ಯಾಲ. ವಾರಕ್ಕ ಅರ್ಧ ಕಿಲೋ. ಹೆಚ್ಚು ಇಳದ್ರೂ ನಾ ಬೈತೀನಿ."

ಬರಕೊಂಡೆ. ಏಕಾದಶಿ ತೂಕ ಲೆಕ್ಕಕ್ಕಿಲ್ಲ ಅಂತ ನಾನ ಕೆಳಗ ಬರದೆ.

೯ ಮಾರ್ಚ್, ಐತವಾರ

ಎಂಬತ್ತೆರಡು. ಐತವಾರ ಏಳಕ್ಕ ಬರೋಬ್ಬರಿ ಫೋನ್ ಬರ್ತದ ಅಂವಂದು. ನಮಸ್ಕಾರ ಇಲ್ಲ, ಹೆಂಗಿದ್ದಿ ಇಲ್ಲ.

"ಎಷ್ಟು?"

"ಎಂಬತ್ತೆರಡು. ನೀ ಎಷ್ಟು ಏರಿದಿ?"

"ಒಂದು ಒಂಬೈನೂರು."

"ನೂರು ಗ್ರಾಮಿನಾಗ ಉಳಕೊಂಡಿ."

"ನೀನೂ ಅಷ್ಟೇ. ಅರ್ಧ ಕಿಲೋ ಹೇಳ್ಯಾರ, ನಾಕುನೂರು ಇಳದಿ. ಯಾವ ಶಾಲ್ಯಾಗ ಗಣಿತ ಕಲಸ್ತಿ?"

ಇಡ್ತೀನಿ ಅಂತನೂ ಅನ್ನದೇ ಇಟ್ಟ. ಜನ್ಮಕ್ಕ ಅಂಟಿದ್ದು.

೨೦ ಏಪ್ರಿಲ್, ಐತವಾರ

ಎಂಬತ್ತು ಆರುನೂರು. ಹೋದ ಎರಡು ವಾರ ನೂರ್ನೂರು ಗ್ರಾಂ ಇಳದಿತ್ತು, ಈ ವಾರ ಅದೂ ಇಲ್ಲ. ಈ ಬಿಸಲಿನಾಗ ನಸಿಕಿನ್ಯಾಗ ಎದ್ದು ಸಿಮೆಂಟ್ ಲಾರಿ ಧೂಳು ತಿನಕೋತ ನಡದೀನಿ, ಮಾವಿನ ಹಣ್ಣಿನ ಕಡೆ ಕಣ್ಣೆತ್ತಿ ನೋಡಿಲ್ಲ, ಈ ಹಾಳ ಮಶೀನ್ ಅಲ್ಲೇ ಕುಂತದ. ಎತ್ತಿ ಒಗೀಬೇಕನಸ್ತು. "ಮೈ ನಡುವ ನಿಂದ್ರತದ್ರಿ ಮೇಡಂ, ಮತ್ತ ನಡೀತದ. ಗುರಿ ಬದಲ್ ಮಾಡಬ್ಯಾಡ್ರಿ" ಅಂದ್ಲು ಸಾಯಿರಾ.

ಫೋನ್ ಬರೂ ಹೊತ್ತಾದಾಗ ಎಂಬತ್ತು ಅಂತ ಹೇಳಿಬಿಡಲೇನು ಅನಸ್ತು. ಇಳೀಲಾರದ ವಾರ ಒಂದು ತಂಬಗಿ ಅಂದಾನಲ್ಲ. ಹಟಮಾರಿ, ಕುಡದ್ರೂ ಕುಡದಾನು. ಆದ್ರ ಖರೇ ಹೇಳಿದೆ. "ಪಂದ್ಯ ಮುಂದಿನ ವಾರಕ್ಕ ಹಾಕೋಣ" ಅಂದ.

"ಈ ವಾರ ಕುಡಿಯಂಗಿಲ್ಲಲಾ?"

"ಇಲ್ಲಂದೆನಲ್ಲ."

"ಆಣಿ ಮಾಡು."

ಮಾಡಿದ. ದೇವಾನಂದ ಅವರು ಚಾ ಕುಡಕೋತ ನನ್ನನ್ನೇ ನೋಡ್ಲಿಕತ್ತಿದ್ರು. ಏನು ನೋಡ್ತೀರಿ ಅಂತ ಅವರಿಗೂ ಬೈದೆ.

೧ ಜೂನ್, ಐತವಾರ

ಎಪ್ಪತ್ತೇಳು ಏಳುನೂರು. ಅಂವಂದು ಒಂದು ಆರುನೂರು. ಅತ್ತಿ ಊರಿಂದ ಚೀಲ ತುಂಬ ಸೌತಿಕಾಯಿ ಕಳಸ್ಯಾಳ, ಕಡಬು ಕಳಸಿಲ್ಲ. ಹಳೇ ಕುಪ್ಪಸೆಲ್ಲ ಸಡಲಾಗ್ಯಾವ, ದರ್ಜಿಗೆ ಕೊಡಬೇಕು.

೨೫ ಜೂನ್, ಬುಧವಾರ

ರಕ್ತ ತಪಾಸಣಿಗೆ ಹೈದರಾಬಾದ್. ಅಂವ, ವೈನಿ ಚಿತ್ತಾಪುರದಾಗೇ ಹತ್ತಿದ್ರು, ನಾ ಸೇಡಂದಾಗ ಹತ್ತಿದೆ. ಕಿಡಕಿ ಹತ್ರ ಜಾಗ ಹಿಡದು ಕುಂತಿದ್ದ. ಸಣ್ಣಾಂವ ಇದ್ದಾಗ ಸೈತ ಕಿಡಕಿ ಬಿಡ್ತಿದ್ದಿಲ್ಲ. ತಾಂಡೂರ ದಾಟಿದ ಮ್ಯಾಲ ಬಾಯಿ ಒಣಗಿತು ಅಂತ, ನಾ ಕುಡದು ಇಟ್ಟ ಬಾಟಲಿ ಕಸಗೊಂಡು ಎತ್ತಿದ. ಇವತ್ತಿನ ನೀರಿನ ಲೆಕ್ಕ ಮುಗದದ ಅಂತ ವೈನಿ ಅಂದ್ರೂ ಕೇಳಲಿಲ್ಲ. ಏನಿಲ್ಲಂದ್ರೂ ನೂರು ಗ್ರಾಂ ಹೆಚ್ಚು ಕುಡದ. ಹೈದರಾಬಾದ್ ಬರೂ ತನಕ ಬೈಕೋತ ಹೋದೆ.

೧೩ ಜುಲೈ, ಐತವಾರ

ಎಪ್ಪತ್ನಾಕು ಆರುನೂರು. ಇನ್ನ ಆರುನೂರು ಗ್ರಾಂ ಉಳದದ. ಖುಶಿಯಿಂದ ವೈನಿಗೆ ನಾನ ಫೋನ್ ಮಾಡಿದೆ. ಆಕಿ ಮಾತಾಡಿಕೋತ ಮಾತಾಡಿಕೋತ, "ಆಪರೇಶನ್ ಆಗಿ ಮನಿಗೆ ಬಂದ ಮ್ಯಾಲ ಒಂದು ಶುದ್ಧಿ ಹೋಮ ಮಾಡಿಸಿಬಿಡ್ರಿ ಅಂತ ವಿಠೋಬಾ ಕಾಕಾ ಹೇಳ್ಯಾರ" ಅಂದ್ಲು. ಅಂದ ಮ್ಯಾಲ ನಾಲಿಗಿ ಕಚಗೊಂಡ್ಲು. ವಿಠೋಬಾ ಕಾಕಾ ಅಂದ್ರ ನಮ್ಮಪ್ಪನ ತಮ್ಮ, ಮನಿಗೆ ಈಗ ಅಂವನೇ ಹಿರ್ಯಾ.

ಶುದ್ಧಿ! ನನ್ನ ಕಿಡ್ನಿ ಒಳಗ ಹೋತಂತ ಶುದ್ಧಿ!

ಸೀದಾ ಬಸ್ ಸ್ಟ್ಯಾಂಡಿನ ಮಿಠಾಯಿ ಅಂಗಡಿಗೆ ಹೋದೆ. ಪಾವ್ ಕಿಲೋ ಜಿಲೇಬಿ ಕಟ್ಟಿಸಿ ಅಲ್ಲೇ ಬೆಂಚ್ ಮ್ಯಾಲ ಕುಂತೆ. ಒಂದು ತಿಂದೆ. ಎರಡನೇದು ಕೈಯಾಗ ಹಿಡದು ಲೆಕ್ಕ ಹಾಕಿದೆ, ಇದನ್ನೆಲ್ಲಾ ತಿಂದ್ರ ಎಷ್ಟು ದಿನ ಹಿಂದ ಹೋಗ್ತೀನಿ, ಅಷ್ಟು ದಿನದಾಗ ಅಂವನ್ನ ಎಷ್ಟು ಸಲ ಮಶೀನಿಗೆ ಹಚ್ಚಬೇಕು ಅಂತ. ಪುಡಿಕಿ ಅಲ್ಲೇ ಬಿಟ್ಟು ಬಂದೆ. ಲೆಕ್ಕ ಹಾಕೋ ಚಟ ಕೆಟ್ಟದ್ದು.

ಸಂಜಿಕ ಅಂವ ಫೋನ್ ಮಾಡಿದ. "ನಾ ಹೋಮದ ಮಾತು ಏನೂ ಅಂದಿಲ್ಲ" ಅಂದ.

"ಅದೇ ನಿನ್ನ ರೋಗ. ಮಾಡಸ್ತೀನಿ ಅಂತನೂ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ. ಅವ್ವ ಹೋದಾಗನೂ ಮಂದಿ ಹೇಳಿದಂಗ ಕೇಳಿ ಏನೂ ಅನ್ನಲಿಲ್ಲ ನೀ" ಅಂದೆ. ಅಂವ ಇವತ್ತೂ ಏನೂ ಅನ್ನಲಿಲ್ಲ.

೨೭ ಜುಲೈ, ಐತವಾರ

ಎಪ್ಪತ್ಮೂರು ಆರುನೂರು. ಅಂವನ ಫೋನ್ ಎತ್ತಲಿಲ್ಲ. ಬರೇ ಫೋಟೋ ಕಳಿಸಿದೆ.

೩೧ ಜುಲೈ, ಗುರುವಾರ

ಹೈದರಾಬಾದಿನ ಅದೇ ದವಾಖಾನಿ, ಅದೇ ಡಾಕ್ಟರ್. ಇವತ್ತು ನನ್ನ ಮಾರಿ ನೋಡಿದ. ಎಲ್ಲಾ ಕಾಗದ ನೋಡಿ ಶಾಬಾಶ್ ಅಂದ. ಆಮ್ಯಾಲ ವೈನಿಗೆ, ದೇವಾನಂದ ಅವರಿಗೆ ಹೊರಗ ಕಳಿಸಿ ಬಾಗಲ ಹಾಕಿದ. ಹಿಂದಿ ಭಾಷ್ಯಾಗ ಮೆಲ್ಲಕ ಹೇಳಿದ.

"ಅಮ್ಮಾ, ಇಲ್ಲಿ ನೀವು, ನಾನು ಇಬ್ಬರೇ ಇದ್ದೀವಿ. ಕಿಡ್ನಿ ಕೊಡೋರಿಗೆಲ್ಲ ಇದು ಕೇಳಲೇಬೇಕು. ಮನಸ್ಸಿಲ್ಲಂದ್ರ ಈಗ ಹೇಳ್ರಿ. ಹೊರಗಿನವರಿಗೆ ಇವರ ಕಿಡ್ನಿ ಬರಂಗಿಲ್ಲ ಅಂತ ಇಷ್ಟೇ ಹೇಳ್ತೀನಿ. ಖರೇ ಕಾರಣ ಎಂದೂ ಯಾರಿಗೂ ತಿಳಿಯಂಗಿಲ್ಲ. ನಿಮ್ಮ ಮ್ಯಾಲ ಮಾತು ಬರಂಗಿಲ್ಲ."

ಎದ್ದು ಅಂವನ ಕಪಾಳಕ್ಕ ಹೊಡೀಬೇಕನಸ್ತು. "ಇದನ್ನ ನವೆಂಬರಿನಾಗ ಯಾಕ ಹೇಳಲಿಲ್ರಿ?" ಅಂತ ಒದರಿದೆ. ಪಾಪ, ಅಂವ ಗಾಬರಿ ಆದ. ತೂಕ ಕೂಡಿದೋರಿಗಷ್ಟೇ ಈ ಮಾತು ಬರ್ತದಮ್ಮ ಅಂದ.

ನವೆಂಬರಿನಾಗ ಕೇಳಿದ್ರ ಅವತ್ತೇ ಮನಸ್ಸಿಲ್ಲ ಅಂತಿದ್ದೆ. ಒಂದು ಜಿಲೇಬಿನೂ ಬೇಕಾಗ್ತಿದ್ದಿಲ್ಲ. ಇವತ್ತೂ ಹಂಗೇ ಅನ್ನಬಹುದಿತ್ತು. ಹೋಮದ ಮಾತು ಇನ್ನಾ ಎದ್ಯಾಗ ಚುಚ್ಚತದ, ಅದಕ್ಕ ಅಣ್ಣ ಇನ್ನಾ ಬ್ಯಾಡ ಅಂದಿಲ್ಲ. ಮೂರು ದಿನದ ಸುದ್ದಿನೂ ಮರತಿಲ್ಲ. ಇವೆಲ್ಲಾ ಒಂದೊಂದಾಗಿ ನೆನಸಿದೆ, ಬೇಕಂತನೇ ನೆನಸಿದೆ. ಡಾಕ್ಟರ್ ಪೆನ್ ಹಿಡಕೊಂಡು ಕಾಯಲಿಕತ್ತಿದ್ದ.

"ಬರೀರಿ" ಅಂದೆ.

"ಏನಂತ?"

"ಎಪ್ಪತ್ಮೂರು ಆರುನೂರು. ಕೂಡ್ತು ಅಂತ ಬರೀರಿ."

ಸಹಿ ಮಾಡಿ ಹೊರಗ ಬಂದೆ. ವೈನಿ ಔಷಧಕ್ಕ ಹೋಗಿದ್ಲು, ದೇವಾನಂದ ಅವರು ಆಕಿ ಸಂಗಡ. ಅಣ್ಣ ಒಬ್ಬಾಂವನೇ ಬೆಂಚ್ ಮ್ಯಾಲ ಕುಂತಿದ್ದ. ಗ್ವಾಡಿ ಹಿಡಕೊಂಡು ಎದ್ದು ನಿಂತ. ಡಾಕ್ಟರ್ ಏನಂದ್ರು ಅಂತ ಕೇಳಲಿಲ್ಲ.

"ಒಳಗ ಏನ್ ಕೇಳ್ತಾರಂತ ನಂಗ ಗೊತ್ತದ. ನನಗೂ ಹೇಳ್ಯಾರ" ಅಂದ. "ಬ್ಯಾಡ ಅಂದ್ರೂ ನಡೀತದ ಶುಭಾ. ನಾ ಕಾರಣ ಕೇಳಂಗಿಲ್ಲ. ಐತವಾರ ಫೋನ್ ಮಾತ್ರ ಬಿಡಬ್ಯಾಡ. ಹೋದ ವಾರ ನೀ ಎತ್ತಲಿಲ್ಲ, ಇಡೀ ದಿನ ಹೊರಗ ಒಳಗ ಮಾಡಿದೆ."

ನಂಗ ಜರಾ ಆಟ ಆಡಸಬೇಕಂತ ಇತ್ತು. ಒಂದು ಗಳಿಗಿ ಸುಮ್ಮನ ನಿಂತು ಕಾಯಿಸಬೇಕಂತ ಇತ್ತು. ಆಗಲಿಲ್ಲ.

"ಆಪರೇಶನ್ ಆಗಸ್ಟ್ ಹದಿನೆಂಟಕ್ಕ ಕೊಟ್ಟಾರ" ಅಂದೆ.

ಅಂವ ಬೆಂಚ್ ಮ್ಯಾಲ ಕುಸದು ಕುಂತು, ಎರಡೂ ಕೈಲೆ ಮಾರಿ ಮುಚಗೊಂಡು ಅತ್ತ. ನಾ ಅಳಲಿಲ್ಲ, ಅಳಬ್ಯಾಡ ಅಂತ ಬೈದೆ, ಅಂತ ಬರೀಲಿಕ್ಕ ಈ ಪುಸ್ತಕ ತಗದಿದ್ದೆ. ಅದು ಖರೇ ಅಲ್ಲ. ಬಾಜೂಕ ಕುಂತು ನಾನೂ ಅತ್ತೆ, ಹೋಗೋ ಬರೋ ಮಂದಿ ನಿಂತು ನೋಡೂ ಹಂಗ ಅತ್ತೆ. ಸಿಟ್ಟು ಹೋಗಿಲ್ಲ. ಹೋಗೂದೂ ಇಲ್ಲ. ಆದ್ರ ಅಂವ ಬದುಕಬೇಕು ನಂಗ.